ಕುರ್ಚಿಯಲ್ಲಿ ಕೂತ ಉಪಯಾಜಕ

"ಸ್ವಾಮಿ, ಎಲ್ಲರಿಗಾಗಿ ದುಡಿಯುವ ಮನುಷ್ಯ ಕೊನೆಗೆ ಒಂಟಿಯಾಗಿಯೇ ಉಳಿಯುತ್ತಾನಲ್ಲ, ಅದು ಏಕೆ?" ಎಂದು ಶೌರಿ ಕೇಳಿದ.

ಶೌರಿ, ಕ್ರೈಸ್ತ ಗುರುಗಳಾಗುವವರು ಓದುವ ಗುರುಮಠದಲ್ಲಿ ಕೊನೆಯ ವರ್ಷದ ವಿದ್ಯಾರ್ಥಿ. ಇನ್ನು ಎರಡು ವಾರಕ್ಕೆ ಅವನಿಗೆ ಉಪಯಾಜಕ ದೀಕ್ಷೆಯಾಗಬೇಕಿತ್ತು. ಕೇಳಿಸಿಕೊಂಡವರು ಫಾದರ್ ಸಂದ್ಯಾಗಪ್ಪ. ದೀಕ್ಷೆಗೆ ಸಿದ್ಧರಾಗುವವರಿಗೆ ಮೂವತ್ತು ವರ್ಷದಿಂದ ಅಲ್ಲಿ ಪಾಠ ಹೇಳುತ್ತಿದ್ದವರು. ಅವರು ಕೂಡಲೇ ಉತ್ತರ ಕೊಡುವವರಲ್ಲ.

"ಈ ಪ್ರಶ್ನೆ ನಿನಗೆ ಎಲ್ಲಿಂದ ಬಂತು?" ಎಂದರು.

"ಉಪಯಾಜಕ ಎಂದರೆ ಸೇವಕ ಎಂದು ನೀವೇ ಕಲಿಸಿದಿರಿ. ಆರು ವರ್ಷದಿಂದ ಇಲ್ಲಿ ಯಾರು ಏನು ಕೇಳಿದರೂ ನಾನು ಇಲ್ಲ ಎಂದಿಲ್ಲ. ಕೆಲಸವಿದ್ದರೆ ಎಲ್ಲರೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಸುಮ್ಮನೆ ಮಾತಾಡಲಿಕ್ಕೆ ಎಂದು ಒಬ್ಬರೂ ಬರುವುದಿಲ್ಲ."

ಫಾದರ್ ಸಂದ್ಯಾಗಪ್ಪ ಕುರ್ಚಿ ತೋರಿಸಿ ಅವನನ್ನು ಕೂರಿಸಿದರು. ಆಮೇಲೆ, "ಒಬ್ಬನ ಕತೆ ಹೇಳುತ್ತೇನೆ. ಇದನ್ನು ಅವನೇ ನನಗೆ ಹೇಳಿದ್ದು" ಎಂದು ಶುರುಮಾಡಿದರು.

ಕಾವೇರಿಯ ದಂಡೆಯ ಒಂದು ಊರಿನಲ್ಲಿ ಇನ್ನಾಸಪ್ಪ ಎಂಬ ಉಪಯಾಜಕನಿದ್ದ. ನಿನ್ನಂಥ ಉಪಯಾಜಕನಲ್ಲ. ನೀನು ಒಂದು ವರ್ಷ ಉಪಯಾಜಕನಾಗಿದ್ದು ಆಮೇಲೆ ಗುರುವಾಗುತ್ತೀಯೆ. ಅವನು ಸಾಯುವತನಕ ಉಪಯಾಜಕನಾಗಿಯೇ ಇರಬೇಕಾದವನು. ಮದುವೆಯಾದ ಗೃಹಸ್ಥರಿಗೂ ಆ ದೀಕ್ಷೆ ಉಂಟು. ನಮ್ಮ ಕಡೆ ಅಂಥವರು ತೀರಾ ಕಡಿಮೆ. ಅವರು ಗುರುಗಳ ಹಾಗೆ ಚರ್ಚಿನಲ್ಲಿ ಬಲಿಪೂಜೆ ಅರ್ಪಿಸುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ. ಬೈಬಲಿನಿಂದ ಶುಭಸಂದೇಶ ಓದುತ್ತಾರೆ, ಮಕ್ಕಳಿಗೆ ಜ್ಞಾನಸ್ನಾನ ಕೊಡುತ್ತಾರೆ, ಸತ್ತವರನ್ನು ಮಣ್ಣು ಮಾಡುತ್ತಾರೆ. ಉಳಿದ ಹೊತ್ತೆಲ್ಲ ಬಡವರ ಕೆಲಸ, ರೋಗಿಗಳ ಕೆಲಸ.

ಇನ್ನಾಸಪ್ಪ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದ. ಮೂವತ್ತೊಂದು ವರ್ಷ ಅದೇ ಕೆಲಸ. ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಬೆಳಗಿನ ಪೂಜೆ ಮುಗಿದ ಕೂಡಲೇ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುವನು. ಹಾಸಿಗೆ ಹಿಡಿದವರ ಮೈ ಒರೆಸುವನು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ತೊಳೆಯುವನು. ಮನೆಯವರೇ ಮೂಗು ಮುಚ್ಚಿಕೊಂಡು ಹೊರಗೆ ಹೋಗುವ ಕಡೆ ಅವನು ಬಗ್ಗಿ ಕೂತು, ಕೆಲಸ ಮುಗಿಸಿ, ನೆಲವನ್ನೂ ಒರೆಸಿ ಏಳುವನು.

ಅವನಿಗೊಂದು ನಿಯಮವಿತ್ತು. ಸೇವೆ ಮಾಡಿದ ಮನೆಯಲ್ಲಿ ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ತಾನೇ ಮಾಡಿಕೊಂಡದ್ದು.

ಆರೋಗ್ಯಮ್ಮ ಎಂಬಾಕೆಯ ಗಂಡನ ಕಾಲು ಕತ್ತರಿಸಬೇಕಾದ ಸ್ಥಿತಿಗೆ ಬಂದಿತ್ತು. ಇನ್ನಾಸಪ್ಪ ಐದು ತಿಂಗಳು ದಿನ ಬಿಡದೆ ತೊಳೆದು ಆ ಕಾಲನ್ನು ಉಳಿಸಿದ. ಗಂಡ ಎದ್ದು ನಡೆದಾಡಿದ ದಿನ ಆಕೆ ಹೊಳೆ ಮೀನಿನ ಸಾರು ಮಾಡಿ, ಪಾತ್ರೆಗೆ ಬಟ್ಟೆ ಕಟ್ಟಿ, ಅವನ ಮನೆಗೆ ತಂದಳು. ಅವನು ಬಟ್ಟೆ ಬಿಚ್ಚಿಯೂ ನೋಡಲಿಲ್ಲ. "ನನಗೇನೂ ಬೇಡಮ್ಮ. ಕೊನೆ ಬೀದಿಯ ಅಜ್ಜಿ ಒಬ್ಬಳೇ ಇದ್ದಾಳೆ, ಅವಳಿಗೆ ಕೊಟ್ಟುಬಿಡು" ಎಂದ. ಆಕೆ ಹಾಗೆಯೇ ಮಾಡಿದಳು. ಮತ್ತೆ ಅವನ ಮನೆಗೆ ಬರಲಿಲ್ಲ. ಬರಲಿಲ್ಲವೆಂಬುದನ್ನು ಅವನು ಗಮನಿಸಲೂ ಇಲ್ಲ.

ಊರಿನವರು ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಕಾಫಿ ಅಂಗಡಿಯ ಮುಂದೆ ನಗುತ್ತಾ ಕೂತವರು ಅವನು ಬಂದರೆ ನಗು ನಿಲ್ಲಿಸುತ್ತಿದ್ದರು. ಅವನು ದಾಟಿ ಹೋದ ಮೇಲೆ ಮಾತು ಮತ್ತೆ ಶುರುವಾಗುತ್ತಿತ್ತು. ಮೊದಮೊದಲು ಮದುವೆ ಮನೆಗಳಲ್ಲಿ ಅವನಿಗೂ ಎಲೆ ಹಾಕುತ್ತಿದ್ದರು. ಅವನು ಬಡಿಸಲು ನಿಲ್ಲುತ್ತಿದ್ದನೇ ಹೊರತು ಉಣ್ಣಲು ಕೂರುತ್ತಿರಲಿಲ್ಲ. ಆಮೇಲೆ ಎಲೆ ಹಾಕುವುದನ್ನೂ ಬಿಟ್ಟರು.

ಅವನಿಗೆ ಮಕ್ಕಳಿರಲಿಲ್ಲ. ಹೆಂಡತಿ ಲೂರ್ದಮ್ಮ ಎರಡು ವರ್ಷ ಹಾಸಿಗೆಯಲ್ಲಿದ್ದು ತೀರಿಕೊಂಡಿದ್ದಳು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಅವನು ಮನೆಗೆ ಬರುವನು. ಒಬ್ಬನಿಗೆ ಬೇಕಾದಷ್ಟು ಅಕ್ಕಿ ತೊಳೆಯುವನು. ಪ್ರಾರ್ಥನೆಯ ಪುಸ್ತಕ ತೆಗೆದು ಗಟ್ಟಿಯಾಗಿ ಓದುವನು. ಓದುವುದು ನಿಲ್ಲಿಸಿದರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಹಾಗಾಗಿ ಒಂದೊಂದು ದಿನ ಓದಿದ್ದನ್ನೇ ಮತ್ತೆ ಓದುವನು. ಈ ಒಂಟಿತನ ದೇವರು ತನ್ನ ಹೆಗಲಿಗೆ ಇಟ್ಟ ಶಿಲುಬೆ ಎಂದು ಅವನು ತಿಳಿದಿದ್ದ. ಅದನ್ನು ಹೊರುತ್ತಿದ್ದೇನೆಂಬ ಸಣ್ಣ ಹೆಮ್ಮೆಯೂ ಒಳಗೆ ಇತ್ತು. ಇದನ್ನೂ ಅವನೇ ಹೇಳಿದ.

ಒಂದು ದಿನ ಬಿಷಪ್ಪರು ಅವನನ್ನು ಕರೆಸಿದರು. ಯುರೋಪಿನ ಒಂದು ಬೆಟ್ಟದ ಊರಿನಲ್ಲಿ ಲೋಕದ ನಾನಾ ದೇಶಗಳ ಉಪಯಾಜಕರ ಸಮ್ಮೇಳನವಿತ್ತು. ಐದು ದಿನ. ಚರ್ಚೆಯ ವಿಷಯ ಆಧ್ಯಾತ್ಮಿಕತೆ ಮತ್ತು ಸೇವೆ. "ಮಾತಾಡುವವರು ಬೇಕಾದಷ್ಟು ಜನ ಬರುತ್ತಾರೆ. ಕೆಲಸ ಮಾಡುವವನೊಬ್ಬ ನಮ್ಮಲ್ಲಿಂದ ಹೋಗಲಿ" ಎಂದರು ಬಿಷಪ್ಪರು. ಇನ್ನಾಸಪ್ಪ ಬೇಡವೆಂದ. ಆಜ್ಞೆ ಎಂದಾಗ ಒಪ್ಪಿಕೊಂಡ.

ಸಮ್ಮೇಳನಕ್ಕೆ ಮುನ್ನೂರು ಜನ ಬಂದಿದ್ದರು. ಹಳೆಯ ಸನ್ಯಾಸಿ ಮಠವೊಂದರಲ್ಲಿ ಎಲ್ಲರಿಗೂ ಇರುವ ಏರ್ಪಾಡು. ಸಭೆಯಲ್ಲಿ ಪ್ರತಿಯೊಬ್ಬರಿಗೂ ಕಿವಿಗೆ ಹಾಕಿಕೊಳ್ಳುವ ಸಾಧನ ಕೊಟ್ಟರು. ಆರು ಭಾಷೆಗಳಲ್ಲಿ ಭಾಷಣ ಕೇಳಬಹುದಿತ್ತು. ಆರರಲ್ಲಿ ಕನ್ನಡವಿರಲಿಲ್ಲ. ಅವನಿಗೆ ಬರುತ್ತಿದ್ದ ಇಂಗ್ಲಿಷು ಆಸ್ಪತ್ರೆಯ ಇಂಗ್ಲಿಷು. ನಾಲ್ಕು ಮಾತಿಗೆ ಒಂದು ಮಾತು ಹಿಡಿಯುತ್ತಿದ್ದ. ಒಬ್ಬರು ಪ್ರಾರ್ಥನೆಯೇ ಸೇವೆಯ ಬೇರು ಎಂದರು. ಇನ್ನೊಬ್ಬರು ಸೇವೆಯೇ ಪ್ರಾರ್ಥನೆ ಎಂದರು. ಎರಡಕ್ಕೂ ಚಪ್ಪಾಳೆ ಬಿತ್ತು. ಅವನೂ ಎರಡಕ್ಕೂ ತಟ್ಟಿದ.

ಊಟದ ಮನೆಯಲ್ಲಿ ಜನ ಭಾಷೆ ಭಾಷೆಗೆ ಒಂದೊಂದು ಮೇಜು ಹಿಡಿದರು. ಹಲವರು ಹೆಂಡತಿಯರ ಜೊತೆ ಬಂದಿದ್ದರು. ಯಾರೂ ಕೆಟ್ಟವರಲ್ಲ. ಹತ್ತಿರ ಬರುವರು, "ಇಂಡಿಯಾ?" ಎಂದು ಕೇಳುವರು, ಹೆಗಲು ತಟ್ಟುವರು, ನಗುವರು, ತಮ್ಮ ಮೇಜಿಗೆ ಹೋಗುವರು. ಇನ್ನಾಸಪ್ಪ ತಟ್ಟೆ ಹಿಡಿದು ಕಿಟಕಿಯ ಹತ್ತಿರದ ಮೇಜಿಗೆ ಹೋಗುತ್ತಿದ್ದ. ಎಂಟು ಜನ ಕೂರುವ ಮೇಜಿನಲ್ಲಿ ಒಬ್ಬನೇ ಉಣ್ಣುತ್ತಿದ್ದ.

ಊರಿನಲ್ಲೂ ಅವನು ಒಬ್ಬನೇ. ಆದರೆ ಅಲ್ಲಿ ಕೈಗೆ ಕೆಲಸವಿತ್ತು. ಇಲ್ಲಿ ಕೈ ಖಾಲಿ. ಎರಡನೆಯ ದಿನ ಅವನು ತಾಳಲಾರದೆ ಅಡಿಗೆ ಮನೆಗೆ ಹೋಗಿ, ತೋಳು ಮಡಿಸಿ, ತಟ್ಟೆ ತೊಳೆಯಲು ನಿಂತ. ಅಲ್ಲಿ ಕೇರಳದ ಒಬ್ಬ ಸಿಸ್ಟರ್ ಇದ್ದರು. ಸಿಸ್ಟರ್ ಆನ್ಸಿಲ ಎಂದು ಹೆಸರು. ಮೈಸೂರಿನಲ್ಲಿ ನರ್ಸಿಂಗ್ ಕಲಿತವರು, ಕನ್ನಡ ಬಲ್ಲವರು. "ಅಣ್ಣಾ, ನೀವು ಅತಿಥಿ. ಇದು ನಮ್ಮ ಕೆಲಸ. ಹೋಗಿ ಕೂತುಕೊಳ್ಳಿ" ಎಂದು ಅವನ ಕೈಯಿಂದ ತಟ್ಟೆ ತೆಗೆದುಕೊಂಡರು. ವಿಮಾನ ಇಳಿದ ಮೇಲೆ ಅವನ ಕಿವಿಗೆ ಬಿದ್ದ ಮೊದಲ ಕನ್ನಡ ಅದು. ಅದೂ ಅವನನ್ನು ಹೊರಗೆ ಕಳಿಸಿತು.

ಅವನ ಕೋಣೆಯಲ್ಲಿ ಇನ್ನೊಬ್ಬ ಉಪಯಾಜಕನಿದ್ದ. ಬ್ರೆಜಿಲ್ ದೇಶದವನು, ಎವರಾಲ್ದೊ ಎಂದು ಹೆಸರು. ಹರೆಯದಲ್ಲಿ ಕಬ್ಬು ಅರೆಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಎಡಗೈ ಮೊಣಕೈವರೆಗೆ ಹೋಗಿತ್ತು. ಇಬ್ಬರಿಗೂ ಪರಸ್ಪರ ಭಾಷೆ ಬಾರದು. ಮೊದಲ ದಿನ ಬೆಳಿಗ್ಗೆ ಎವರಾಲ್ದೊ ಬೂಟಿನೊಳಗೆ ಕಾಲು ತೂರಿಸಿ, ಇನ್ನಾಸಪ್ಪನ ಮುಂದೆ ಬಂದು ನಿಂತು, ಕಾಲು ಚಾಚಿದ. ಕಟ್ಟು ಎಂದು ಕೈಯಲ್ಲಿ ತೋರಿಸಿದ. ಸಂಕೋಚವಿಲ್ಲ, ಕ್ಷಮಿಸು ಎಂಬ ಮುಖವಿಲ್ಲ. ಇನ್ನಾಸಪ್ಪ ನೆಲದ ಮೇಲೆ ಕೂತು ಲೇಸು ಕಟ್ಟಿದ. ಆಮೇಲೆ ಷರ್ಟಿನ ತೋಳಿನ ಗುಂಡಿ. ಆಮೇಲೆ ಕೋಟು. ಅಷ್ಟು ಹೊತ್ತೂ ಎವರಾಲ್ದೊ ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದ. ತನ್ನ ಹೆಂಡತಿಯ ಫೋಟೋ ತೋರಿಸಿದ. ಮೊಮ್ಮಕ್ಕಳು ಎಷ್ಟೆತ್ತರ ಇದ್ದಾರೆಂದು ಕೈ ಹಿಡಿದು ತೋರಿಸಿದ. ಇನ್ನಾಸಪ್ಪ ಕನ್ನಡದಲ್ಲೇ ಹೂಂ ಎಂದ, ಹೌದೇ ಎಂದ. ಮೂರು ದಿನ ಬೆಳಿಗ್ಗೆ ಹೀಗೆಯೇ ನಡೆಯಿತು. ಆ ಅರ್ಧ ಗಂಟೆಗಾಗಿ ಅವನು ಬೇಗ ಏಳುತ್ತಿದ್ದ.

ಸಮ್ಮೇಳನದ ಕೊನೆಯ ದಿನ ಪಾದ ತೊಳೆಯುವ ವಿಧಿ ಇತ್ತು. ಪುಣ್ಯ ಗುರುವಾರ ನಮ್ಮ ಚರ್ಚುಗಳಲ್ಲಿ ಗುರುಗಳು ಹನ್ನೆರಡು ಜನರ ಪಾದ ತೊಳೆಯುತ್ತಾರಲ್ಲ, ಹಾಗೆ. ಕ್ರಿಸ್ತ ತನ್ನ ಶಿಷ್ಯರ ಪಾದ ತೊಳೆದ ನೆನಪಿಗೆ. ಅಲ್ಲಿ ಹನ್ನೆರಡು ದೇಶದ ಹನ್ನೆರಡು ಉಪಯಾಜಕರು ಬೇರೆ ಹನ್ನೆರಡು ಜನರ ಪಾದ ತೊಳೆಯಬೇಕು. ತೊಳೆಯುವವರ ಪಟ್ಟಿಯಲ್ಲಿ ಇನ್ನಾಸಪ್ಪನ ಹೆಸರಿತ್ತು. ಮೂವತ್ತೊಂದು ವರ್ಷ ಗಾಯ ತೊಳೆದವನೆಂದು ಬಿಷಪ್ಪರು ಬರೆದು ಕಳಿಸಿದ್ದರು. ಅವನಿಗೆ ಬಹಳ ಸಂತೋಷವಾಯಿತು. ಇದಕ್ಕೆ ಭಾಷೆ ಬೇಕಿರಲಿಲ್ಲ. ಬಂದದ್ದಕ್ಕೆ ಒಂದು ಕೆಲಸ ಸಿಕ್ಕಿತು ಎಂದುಕೊಂಡ.

ಮೂರನೆಯ ದಿನ ಮಧ್ಯಾಹ್ನ ಪ್ರಾರ್ಥನೆಗೆ ಹೋಗುವಾಗ ಕಲ್ಲಿನ ಮೆಟ್ಟಿಲ ಮೇಲೆ ಅವನ ಕಾಲು ಜಾರಿತು. ಎರಡೂ ಕೈ ಊರಿ ಬಿದ್ದ. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಎಡ ಅಂಗೈಯ ಚರ್ಮ ಸುಲಿದು ಹೋಯಿತು. ಆಸ್ಪತ್ರೆಯವರು ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು, ಎಡಗೈಗೆ ಬೆರಳು ಕಾಣದಷ್ಟು ಪಟ್ಟಿ ಸುತ್ತಿದರು. ಇನ್ನೊಬ್ಬರು ಪಟ್ಟಿ ಸುತ್ತುವುದನ್ನು ಅವನು ನೋಡುತ್ತಾ ಕೂತ. ಸಡಿಲವಾಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡ.

ಸಂಜೆ ಸಮ್ಮೇಳನದ ಮೇಲ್ವಿಚಾರಕರು ಬಂದರು. ಪಾದ ತೊಳೆಯುವವರ ಪಟ್ಟಿಯಿಂದ ಅವನ ಹೆಸರು ತೆಗೆಯಬೇಕಾಗಿದೆ ಎಂದು ನೋವಿನಿಂದಲೇ ತಿಳಿಸಿದರು. ತೊಳೆಸಿಕೊಳ್ಳುವವರ ಸಾಲಿನಲ್ಲಿ ಒಂದು ಕುರ್ಚಿ ಇದೆ, ಅಲ್ಲಿ ಕೂರಬಹುದಲ್ಲ ಎಂದರು. ಇನ್ನಾಸಪ್ಪ ಬೇಡವೆಂದು ತಲೆ ಅಲ್ಲಾಡಿಸಿದ. ಅವರು ಎರಡು ಬಾರಿ ಕೇಳಿದರು. ಎರಡು ಬಾರಿಯೂ ತಲೆ ಅಲ್ಲಾಡಿಸಿದ.

ಆವತ್ತು ಅವನು ಊಟಕ್ಕೆ ಹೋಗಲಿಲ್ಲ. ಹೋದರೆ ಯಾರಾದರೂ ತಿನ್ನಿಸಬೇಕು. ಮಾರನೆಯ ದಿನ ಬೆಳಿಗ್ಗೆ ಮುಖ ತೊಳೆಯಲಾಗಲಿಲ್ಲ, ಷರ್ಟಿನ ಗುಂಡಿ ಹಾಕಿಕೊಳ್ಳಲಾಗಲಿಲ್ಲ. ಎವರಾಲ್ದೊ ಸಹಾಯಕ್ಕೆ ಬಂದರೆ ಬೇಡವೆಂದು ಕೈ ಹಿಂದಕ್ಕೆ ಎಳೆದುಕೊಂಡ. ಎವರಾಲ್ದೊ ಬೂಟು ಹಿಡಿದುಕೊಂಡು ಹೊರಗೆ ಹೋಗಿ ಬೇರೆ ಯಾರಿಂದಲೋ ಲೇಸು ಕಟ್ಟಿಸಿಕೊಂಡ. ಸಭೆಯ ಗಂಟೆ ಹೊಡೆಯಿತು. ಎಲ್ಲರೂ ಹೋದರು. ಇನ್ನಾಸಪ್ಪ ಮಂಚದ ಮೇಲೆ ಎರಡು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಕೆಳಗಿನಿಂದ ಹಾಡು ಕೇಳಿಸುತ್ತಿತ್ತು. ಮುನ್ನೂರು ಜನ ಹಾಡುತ್ತಿದ್ದರು. ಆ ಹೊತ್ತಿನಷ್ಟು ಒಂಟಿತನವನ್ನು ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನವೂ ಅನುಭವಿಸಲಿಲ್ಲ ಎಂದು ಅವನು ನನಗೆ ಹೇಳಿದ.

ಮಧ್ಯಾಹ್ನ ಎವರಾಲ್ದೊ ಬಂದ. ಇದ್ದ ಒಂದು ಕೈಯಲ್ಲಿ ಸೂಪಿನ ಬಟ್ಟಲು. ಜೊತೆಗೆ ಸಿಸ್ಟರ್ ಆನ್ಸಿಲ. ಆಕೆಗೆ ಪೋರ್ಚುಗೀಸ್ ಅಲ್ಪಸ್ವಲ್ಪ ಬರುತ್ತಿತ್ತು. ಎವರಾಲ್ದೊ ಬಟ್ಟಲನ್ನು ಮೇಜಿನ ಮೇಲಿಟ್ಟು, ಇನ್ನಾಸಪ್ಪನ ಎದುರು ಕೂತು, ಮಾತಾಡಿದ. ಸಿಸ್ಟರ್ ಅದನ್ನು ಕನ್ನಡದಲ್ಲಿ ಹೇಳಿದರು.

"ಅಣ್ಣಾ, ನೀವು ನಿನ್ನೆಯಿಂದ ಏಕೆ ತಿಂದಿಲ್ಲ ಎಂದು ಕೇಳುತ್ತಿದ್ದಾರೆ."

"ನನ್ನಿಂದ ಯಾರಿಗೂ ತೊಂದರೆಯಾಗುವುದು ಬೇಡ ಎಂದು ಹೇಳಿ."

ಎವರಾಲ್ದೊ ಕೇಳಿಸಿಕೊಂಡು ಮತ್ತೆ ಏನೋ ಹೇಳಿದ.

"ಮೂರು ದಿನ ನನ್ನ ಬೂಟಿನ ಲೇಸು ಕಟ್ಟಿದೆಯಲ್ಲ, ಅದು ನಿನಗೆ ತೊಂದರೆಯಾಯಿತೇ ಎಂದು ಕೇಳುತ್ತಿದ್ದಾರೆ."

ಇನ್ನಾಸಪ್ಪ ಕೂಡಲೇ, "ಅಯ್ಯೋ, ಇಲ್ಲ" ಎಂದ. ಆಮೇಲೆ, "ಇಲ್ಲಿಗೆ ಬಂದ ಮೇಲೆ ನಾನು ಒಂಟಿಯಲ್ಲ ಅನ್ನಿಸಿದ್ದು ಆ ಅರ್ಧ ಗಂಟೆ ಮಾತ್ರ ಎಂದು ಹೇಳಿ ಸಿಸ್ಟರ್" ಎಂದ.

ಸಿಸ್ಟರ್ ಅದನ್ನು ಹೇಳಿದರು. ಎವರಾಲ್ದೊ ಚಮಚ ಕೈಗೆತ್ತಿಕೊಂಡ. ಆಮೇಲೆ ಒಂದೇ ಮಾತು ಆಡಿದ. ಸಿಸ್ಟರ್ ಅದನ್ನು ಕನ್ನಡಕ್ಕೆ ತಂದರು.

"ಹಾಗಾದರೆ ಆ ಸುಖವನ್ನು ಪೂರ್ತಿ ನಿನಗೇ ಇಟ್ಟುಕೊಂಡು, ನನಗೆ ಒಂದು ಚೂರೂ ಕೊಡುವುದಿಲ್ಲವೇ ಎಂದು ಕೇಳುತ್ತಿದ್ದಾರೆ."

ಎವರಾಲ್ದೊ ಚಮಚದಲ್ಲಿ ಸೂಪು ತೆಗೆದು ಹಿಡಿದ. ಒಂದೇ ಕೈಯಾದ್ದರಿಂದ ಬಟ್ಟಲು ಹಿಡಿಯಲಾಗುತ್ತಿರಲಿಲ್ಲ. ಚಮಚ ಮೇಜಿನಿಂದ ಬಾಯಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಅಂಗಿಯ ಮೇಲೆ ಬಿತ್ತು, ಪ್ಲಾಸ್ಟರಿನ ಮೇಲೆ ಬಿತ್ತು. ಎವರಾಲ್ದೊ ನಕ್ಕ. ಇನ್ನಾಸಪ್ಪ ಬಾಯಿ ತೆರೆದ. ಮೂರನೆಯ ಚಮಚಕ್ಕೆ ಅವನು ಅಳತೊಡಗಿದ. ಮುಖ ಮುಚ್ಚಿಕೊಳ್ಳೋಣವೆಂದರೆ ಕೈ ಎರಡೂ ಇಲ್ಲ. ಇಬ್ಬರ ಮುಂದೆ, ಮುಖ ತೆರೆದುಕೊಂಡೇ ಅತ್ತ.

ಆಗ ಅವನು ಯಾರಿಗೂ ಹೇಳದ ಒಂದು ಸಂಗತಿ ಹೇಳಿದ.

ಲೂರ್ದಮ್ಮ ಹಾಸಿಗೆ ಹಿಡಿದಿದ್ದ ಎರಡು ವರ್ಷ ಅವನು ಅವಳಿಗೆ ಒಂದು ಕೊರತೆಯೂ ಮಾಡಿರಲಿಲ್ಲ. ಸ್ನಾನ ಮಾಡಿಸಿದ, ಬಟ್ಟೆ ಒಗೆದ, ಗಂಜಿ ಕುಡಿಸಿದ. ಸಾಯುವ ಹಿಂದಿನ ತಿಂಗಳು ಒಂದು ಮಧ್ಯಾಹ್ನ ಅವಳಿಗೆ ಸ್ವಲ್ಪ ಚೇತರಿಕೆ ಕಂಡಿತು. ಗೋಡೆಗೆ ಒರಗಿ ಎದ್ದು ಕೂತಳು. ಪಕ್ಕದಲ್ಲಿದ್ದ ಎಣ್ಣೆಯ ಬಾಟಲಿ ಕೈಗೆ ತೆಗೆದುಕೊಂಡಳು. "ಬನ್ನಿ ಇಲ್ಲಿ, ಕೂತುಕೊಳ್ಳಿ. ನಿಮ್ಮ ತಲೆಗೆ ಎಣ್ಣೆ ಹಚ್ಚುತ್ತೇನೆ. ಎಷ್ಟು ದಿನವಾಯಿತು" ಎಂದಳು. ಅವನು ಅವಳ ಕೈಯಿಂದ ಬಾಟಲಿ ತೆಗೆದುಕೊಂಡು, "ನಿನಗೇಕೆ ಆ ಶ್ರಮ? ಸುಮ್ಮನೆ ಮಲಗು" ಎಂದ. ಅವಳು ಮಲಗಿದಳು. ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಆ ದಿನ ಗಂಜಿ ಬೇಡವೆಂದಳು. ಎರಡು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

"ನಾನು ಅವಳ ಮೇಲೆ ಕರುಣೆ ತೋರಿಸಿದೆ ಎಂದುಕೊಂಡಿದ್ದೆ ಸಿಸ್ಟರ್" ಎಂದ ಇನ್ನಾಸಪ್ಪ. "ಅವಳು ಮುಖ ತಿರುಗಿಸಿದ್ದು ಏಕೆ ಎಂದು ನನಗೆ ಇವತ್ತಿನವರೆಗೆ ತಿಳಿದಿರಲಿಲ್ಲ."

ಸಿಸ್ಟರ್ ಇದನ್ನು ಎವರಾಲ್ದೊಗೆ ಹೇಳಲು ಹೋಗಲಿಲ್ಲ. ಅವನೂ ಕೇಳಲಿಲ್ಲ. ಉಳಿದ ಸೂಪು ಆರಿ ಹೋಗಿತ್ತು. ಆರಿದ್ದನ್ನೇ ತಿನ್ನಿಸಿದ.

ಕೊನೆಯ ದಿನ ಇನ್ನಾಸಪ್ಪ ಆ ಕುರ್ಚಿಯಲ್ಲಿ ಕೂತ. ಪಕ್ಕದ ಕೋಣೆಯವನೊಬ್ಬ ಅವನ ಬೂಟು, ಕಾಲುಚೀಲ ಬಿಚ್ಚಿಕೊಟ್ಟಿದ್ದ. ತೊಳೆಯುವವರ ಸಾಲಿನಲ್ಲಿ ಇನ್ನಾಸಪ್ಪನ ಜಾಗವನ್ನು ಎವರಾಲ್ದೊ ಕೇಳಿ ಪಡೆದಿದ್ದ. ಒಂದು ಕೈಯಲ್ಲಿ ಪಾದ ಹಿಡಿದರೆ ನೀರು ಹಾಕಲಾಗದು, ನೀರು ಹಾಕಿದರೆ ಪಾದ ಹಿಡಿಯಲಾಗದು. ಅವನು ಪಕ್ಕದಲ್ಲಿದ್ದ ಒಬ್ಬನನ್ನು ಕರೆದು ಹೂಜಿ ಕೊಟ್ಟ. ಅವನು ನೀರು ಹಾಕಿದ, ಇವನು ತೊಳೆದ. ಇನ್ನಾಸಪ್ಪನಿಗೆ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕೆನ್ನಿಸಿತು. ಎಳೆದುಕೊಳ್ಳಲಿಲ್ಲ. ಸಾವಿರಾರು ಕಾಲು ತೊಳೆದವನು ಅವನು. ತೊಳೆಸಿಕೊಳ್ಳುವುದಕ್ಕೆ ಇಷ್ಟು ಧೈರ್ಯ ಬೇಕೆಂದು ಅವನಿಗೆ ತಿಳಿದದ್ದು ಆಗ. ತನ್ನ ಎದುರು ಕಾಲು ಚಾಚಿದ ಒಬ್ಬೊಬ್ಬರೂ ಆ ಧೈರ್ಯ ಮಾಡಿದ್ದರು. ಅವರಲ್ಲಿ ಒಬ್ಬರಿಗೂ ಅವನು ಅದಕ್ಕೊಂದು ಮರ್ಯಾದೆ ಸಲ್ಲಿಸಿರಲಿಲ್ಲ.

ಮಾರನೆಯ ದಿನ ಎಲ್ಲರೂ ಅವರವರ ದೇಶಕ್ಕೆ ಹೊರಟರು. ಎವರಾಲ್ದೊ ಅವನನ್ನು ಒಂದೇ ತೋಳಿನಲ್ಲಿ ತಬ್ಬಿಕೊಂಡ. ಮತ್ತೆ ಅವರು ಭೇಟಿಯಾಗಲಿಲ್ಲ.

ಫಾದರ್ ಸಂದ್ಯಾಗಪ್ಪ ಇಲ್ಲಿ ಮಾತು ನಿಲ್ಲಿಸಿದರು. ಕತೆ ಮುಗಿಯಿತೆಂದು ಶೌರಿ ಎದ್ದು ನಿಲ್ಲಲು ಹೋದ. "ಕೂರು. ಕಷ್ಟದ ಭಾಗ ಇನ್ನು ಮೇಲೆ" ಎಂದರು.

ಇನ್ನಾಸಪ್ಪ ಊರಿಗೆ ಬಂದ. ಎಡಗೈಯ ಗಾಯ ಅಷ್ಟಿಷ್ಟು ಮಾಗಿತ್ತು. ಬಲಗೈಯ ಪ್ಲಾಸ್ಟರ್ ಇನ್ನೂ ಐದು ವಾರ ಇರಬೇಕು. ಬಸ್ಸಿನಿಂದ ಇಳಿದು ನಡೆದು ಬರುವಾಗ ಜನ ನೋಡಿದರು, ಎದ್ದು ನಿಂತರು, ಕೈ ಮುಗಿದರು. ಏನಾಯಿತು ಎಂದು ದೂರದಿಂದಲೇ ಕೇಳಿದರು. ಯಾರೂ ಮನೆಗೆ ಬರಲಿಲ್ಲ. ಬರಬಾರದೆಂದು ಅಲ್ಲ. ಬಂದರೆ ಅವನು ಬೇಡವೆನ್ನುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಇಷ್ಟು ವರ್ಷ ಅವನೇ ಅವರಿಗೆ ಕಲಿಸಿದ್ದು ಅದು.

ಎರಡು ದಿನ ಅವನು ಎಡಗೈಯಲ್ಲಿ ಅವಲಕ್ಕಿ ನೆನೆಸಿ ತಿಂದ. ಮೂರನೆಯ ದಿನ ಪಕ್ಕದ ಮನೆಗೆ ಹೋದ. ಆ ಮನೆ ದರ್ಜಿ ಬಾಲಯೇಸುವಿನದು. ಅವನ ತಾಯಿ ಪಾರ್ಶ್ವವಾಯು ಹೊಡೆದು ಮಲಗಿದ್ದಾಗ ಕೊನೆಯವರೆಗೆ ನೋಡಿಕೊಂಡವನು ಇನ್ನಾಸಪ್ಪ. ಹೊಸ್ತಿಲ ಹೊರಗೆ ನಿಂತ. ಒಳಗೆ ಗಂಡ ಹೆಂಡತಿ ಊಟಕ್ಕೆ ಕೂತಿದ್ದರು. ಹಿಂದಕ್ಕೆ ಹೋಗೋಣವೆಂದು ಎರಡು ಸಲ ತಿರುಗಿದ. ಬಾಲಯೇಸು ಅವನನ್ನು ಕಂಡು ಗಡಬಡಿಸಿ ಎದ್ದ.

"ಏನು ಇನ್ನಾಸಣ್ಣ?"

"ಸ್ವಲ್ಪ ಅನ್ನ ಬೇಕಿತ್ತು."

"ಯಾರಿಗೆ ಅಣ್ಣ?"

"ನನಗೆ."

ಬಾಲಯೇಸುವಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಹೆಂಡತಿಯ ಮುಖ ನೋಡಿದ. ಅವಳು ಎದ್ದು ಚಾಪೆ ಹಾಸಿದಳು, ತಟ್ಟೆ ತಂದಳು. ಬಾಲಯೇಸು ಅನ್ನ ಕಲಸಿ ತುತ್ತು ಮಾಡಿಕೊಟ್ಟ. ಮೊದಲ ದಿನ ಮೂವರೂ ಒಂದು ಮಾತೂ ಆಡಲಿಲ್ಲ. ಪೂಜೆಯ ಹೊತ್ತಿನಲ್ಲಿ ಕೂತ ಹಾಗೆ ಕೂತಿದ್ದರು. ಊಟ ಮುಗಿದ ಮೇಲೆ ಇನ್ನಾಸಪ್ಪ, "ನಾಳೆಯೂ ಬರಲೇ?" ಎಂದು ಕೇಳಿದ. ಇಷ್ಟು ವರ್ಷ ಓದಿದ ಯಾವ ಪ್ರಾರ್ಥನೆಯೂ ಅಷ್ಟು ಕಷ್ಟವಾಗಿರಲಿಲ್ಲ ಎಂದ ಅವನು.

ಹತ್ತು ದಿನವಾದ ಮೇಲೆ ಬಾಲಯೇಸುವಿನ ಹೆಂಡತಿ ಸಾರಿಗೆ ಉಪ್ಪು ಕಡಿಮೆಯಾಗಿದೆಯೇ ಎಂದು ಕೇಳಿದಳು. ಅವನು ಹೌದು ಎಂದ. ಅವಳು ನಕ್ಕಳು. ಅವನ ಎದುರು ನಿಂತು ಆ ಊರಿನಲ್ಲಿ ಒಬ್ಬರು ನಕ್ಕದ್ದು ಎಷ್ಟು ವರ್ಷಕ್ಕೋ.

ಎಲ್ಲ ಮನೆಗಳಲ್ಲೂ ಹೀಗಾಗಲಿಲ್ಲ. ಕೆಲವರಿಗೆ ಅವನು ಕೇಳಲು ಬಂದದ್ದೇ ಇರುಸುಮುರುಸಾಯಿತು. ದೊಡ್ಡವನು ಸಣ್ಣವನಾದ ಎಂದುಕೊಂಡರು. ಕೆಲವರು ಕೊಟ್ಟರು, ಆದರೆ ಮಾತಾಡಲಿಲ್ಲ. ಅಷ್ಟು ವರ್ಷ ಮುಚ್ಚಿದ್ದು ಐದು ವಾರದಲ್ಲಿ ತೆರೆಯುವುದಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ನೋಡಿದರೆ ಮಣಿಕಟ್ಟು ಸರಿಯಾಗಿ ತಿರುಗುತ್ತಿರಲಿಲ್ಲ. ಪಟ್ಟಿ ಬಿಗಿಯಾಗಿ ಕಟ್ಟುವುದು ಅವನಿಂದ ಇನ್ನು ಆಗದು. ಬಾಲಯೇಸುವಿನ ಹೆಂಡತಿಗೆ ಆ ಕೆಲಸ ಕಲಿಸಿದ. ಈಗ ಇಬ್ಬರೂ ಜೊತೆಗೆ ಹೋಗುತ್ತಾರೆ. ಅವಳು ಕಟ್ಟುತ್ತಾಳೆ, ಅವನು ರೋಗಿಯ ಕಾಲು ಎತ್ತಿ ಹಿಡಿದಿರುತ್ತಾನೆ. ಹಿಡಿದುಕೊಂಡು ರೋಗಿಯ ಹತ್ತಿರ ಮಾತಾಡುತ್ತಾನೆ. ಮೊದಲು ಮಾತಾಡಲು ಅವನಿಗೆ ಹೊತ್ತು ಇರುತ್ತಿರಲಿಲ್ಲ.

ಅವನ ಒಂಟಿತನ ಪೂರ್ತಿ ಹೋಯಿತು ಎಂದು ನಾನು ಹೇಳಲಾರೆ. ಭಾನುವಾರ ಪೂಜೆ ಆದ ಮೇಲೆ ಅವನು ಲೂರ್ದಮ್ಮನ ಸಮಾಧಿಗೆ ಹೋಗಿ ಕೂರುತ್ತಾನೆ. ಅವನು ನನ್ನ ಹತ್ತಿರ ಪಾಪನಿವೇದನೆಗೆ ಬಂದಿರಲಿಲ್ಲ. ಬರೀ ಕತೆ ಹೇಳಲು ಬಂದಿದ್ದ. ಹೊರಡುವಾಗ, "ಉಳಿದವರ ಹತ್ತಿರ ಹೋಗಿ ಕೇಳಬಹುದು ಫಾದರ್. ಅವಳ ಹತ್ತಿರ ಕೇಳಲಾಗುವುದಿಲ್ಲ" ಎಂದ. ನಾನು ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟೆ.

ಫಾದರ್ ಸಂದ್ಯಾಗಪ್ಪ ಕತೆ ಮುಗಿಸಿದರು.

"ಪಾಪ, ಇನ್ನಾಸಪ್ಪ" ಎಂದ ಶೌರಿ. "ಆದರೆ ಸ್ವಾಮಿ, ಅವರು ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಹಾಗಲ್ಲ. ನನ್ನ ಹತ್ತಿರ ಬಂದವರನ್ನು ನಾನು ಎಂದೂ ಹಿಂದಕ್ಕೆ ಕಳಿಸಿಲ್ಲ."

ಫಾದರ್ ಅವನ ಕಡೆ ತಿರುಗಿದರು.

"ಹೋದ ವಾರ ನೀನು ಜ್ವರ ಬಂದು ಮಲಗಿದ್ದಾಗ ನಾನು ಗಂಜಿ ಹಿಡಿದು ಬಂದು ಬಾಗಿಲು ತಟ್ಟಿದೆನಲ್ಲ, ಒಳಗಿನಿಂದ ಹಾಕಿದ ಚಿಲಕ ತೆಗೆಯದವರು ಯಾರು, ಶೌರಿ?"